ಮುಚ್ಚಳದ ಮೂಲೆಯ ಹೆಬ್ಬೆರಳು

ಅಣೆಕಟ್ಟು ಕಟ್ಟಲು ಹೋದ ಯಜಮಾನರಿಗೆ,

ಊರ ನೀರು ನಿಲ್ಲಿಸಲು ಹೊರಟವರು ಮನೆಯ ಪಿಕಪ್ಪಿನ ಆಯಿಲ್ ನಿಲ್ಲಿಸಿ ಹೋಗಬಾರದಿತ್ತೆ? ಎಂಜಿನ್ ಮೇಲಿನ ವಾಲ್ವ್ ಕವರ್ ಸೋರಿ, ನಮ್ಮ ಮುದುಕಿ ಗಾಡಿ ನಿಂತಲ್ಲೆಲ್ಲ ಎಣ್ಣೆಯ ಸಹಿ ಹಾಕುತ್ತಿದ್ದಳು. ಹೋದ ತಿಂಗಳು ನಾನೇ ಆ ಮುಚ್ಚಳ ಬಿಚ್ಚಿದೆ. ನಗಬೇಡಿ, ಒಂದು ಬೋಲ್ಟೂ ಕಳೆದಿಲ್ಲ.

ಒಳಗೆ, ಸೋರದಿರಲೆಂದು ಹಿಂದೊಮ್ಮೆ ನೀವು ಮೆತ್ತಿದ್ದ ಅಂಟು ಕಲ್ಲಾಗಿತ್ತು. "ಅಕ್ಕಾ, ಅದನ್ನ ಪೂರ್ತಿ ಕೆರೆದು ತೆಗೀರಿ, ಇಲ್ಲಾಂದ್ರೆ ಹೊಸ ರಬ್ಬರ್ ಪ್ಯಾಕಿಂಗ್ ಕೂರಲ್ಲ," ಎಂದ ಪಕ್ಕದ ಮೆಕ್ಯಾನಿಕ್. ಕೆರೆಯುತ್ತಾ ಬಂದೆ. ಹಿಂದಿನ ಮೂಲೆಯಲ್ಲಿ ನಿಮ್ಮ ಹೆಬ್ಬೆರಳಿನ ಅಚ್ಚು ಸಿಕ್ಕಿತು, ಹಳೆಯ ಗಾಯದ ಗೀರಿನ ಸಮೇತ. ಎಂಟು ತಿಂಗಳಾಯಿತಲ್ಲ ಆ ಬೆರಳು ನೋಡಿ. ಬ್ಲೇಡು ಅಲ್ಲಿಗೇ ನಿಂತಿತು.

ಅಷ್ಟನ್ನು ಬಿಟ್ಟು ಹೊಸ ಪ್ಯಾಕಿಂಗ್ ಕೂರಿಸಿ ಬಿಗಿದೆ. ಈಗ ಆ ಮೂಲೆಯೊಂದೇ ಸೋರುತ್ತದೆ. "ಅಲ್ಲೊಂಚೂರು ಅಂಟು ಉಳಿದಿದೆ, ಕಾಣಿಸ್ಲಿಲ್ವಾ ಅಕ್ಕಾ?" ಎಂದು ಮೆಕ್ಯಾನಿಕ್ ಕೇಳಿದ.

"ಇಲ್ಲ ಕಣಪ್ಪಾ, ಕನ್ನಡಕ ಬದಲಾಯಿಸ್ಬೇಕು," ಎಂದೆ.

ವಾರಕ್ಕೊಮ್ಮೆ ಆಯಿಲ್ ಹಾಕುತ್ತಿದ್ದೇನೆ. ಡಬ್ಬಿಯಲ್ಲಿ ಇನ್ನೆರಡು ವಾರಕ್ಕಾಗುವಷ್ಟಿದೆ. ಅಷ್ಟರೊಳಗೆ ರಜೆ ಹಾಕಿ ಬಂದು ಆ ಮೂಲೆಯನ್ನು ನೀವೇ ಕೆರೆದುಬಿಡಿ. ಅದು ನನ್ನ ಕೈಲಾಗುವ ಕೆಲಸವಲ್ಲ.

ಇಂತಿ,
ಉಗುರಲ್ಲಿ ಇನ್ನೂ ಗ್ರೀಸ್ ಇರುವ
ನಿಮ್ಮಾಕೆ