ಇವತ್ತು ಯಾವ ಬಣ್ಣ

ಎದುರು ಬಾಗಿಲ ಮುನಿಯಮ್ಮಜ್ಜಿಗೆ,

ಸಾಯುವುದಕ್ಕೂ ನಿನಗೆ ಸೋಮವಾರವೇ ಬೇಕಿತ್ತೇ ಅಜ್ಜಿ? ಭಾನುವಾರ ಇಡೀ ವಠಾರ ಮನೆಯಲ್ಲೇ ಇತ್ತು. ನೀನು ನಲ್ಲಿಯ ಹತ್ತಿರ ಕೂತು ಎಲ್ಲರ ಮೇಲೂ ರೇಗಿದೆ. ನಾನು ಕೊಟ್ಟ ಜೋಳದ ರೊಟ್ಟಿಯನ್ನು 'ಚಪ್ಲಿ ಅಟ್ಟೆ ಇದ್ದಂಗೈತೆ' ಎಂದು ಬೈಯುತ್ತಲೇ ಎರಡು ತಿಂದೆ. ಮಾರನೆಯ ಬೆಳಿಗ್ಗೆ ಮಗಳು ಐಶುವನ್ನು ಎತ್ತಿಕೊಂಡು, ಊಟದ ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲು ತಟ್ಟಿದರೆ ನೀನು ತೆಗೆಯಲಿಲ್ಲ. ಗಾರ್ಮೆಂಟ್ಸಿಗೆ ಹೊರಟಿದ್ದ ನಾವು ನಾಲ್ಕು ಜನ ತಾಯಂದಿರು ಮಕ್ಕಳನ್ನು ಹಿಡಿದುಕೊಂಡು ನಿನ್ನ ಹೊಸ್ತಿಲ ಮುಂದೆ ನಿಂತೆವು. ನಿಜ ಹೇಳಲೇ? ನನಗೆ ಮೊದಲು ಬಂದದ್ದು ಅಳುವಲ್ಲ. ಇವತ್ತು ಮಗುವನ್ನು ಎಲ್ಲಿ ಬಿಡಲಿ ಅನ್ನುವ ಯೋಚನೆ. ಅಳು ಆಮೇಲೆ ಬಂತು. ಬಂದದ್ದು ಇನ್ನೂ ಪೂರ್ತಿ ಹೋಗಿಲ್ಲ.

ನಾವು ರಾಯಚೂರು ಕಡೆಯಿಂದ ಪೀಣ್ಯಕ್ಕೆ ಬಂದು ಆ ಕೋಣೆ ಹಿಡಿದ ವಾರ ನಿನಗೆ ನೆನಪಿದೆಯೇ? ಹಾಲು ಕುಡಿಯುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆ ನೋಡುತ್ತ ಕೂತಿದ್ದೆ. ಹೆಸರು ಕೂಡ ಕೇಳದೆ ನೀನು ಬಾಗಿಲಲ್ಲಿ ನಿಂತು, 'ಒಂದ್ ವರ್ಸ ಆದ್ಮೇಲೆ ಕೆಲ್ಸಕ್ಕೋಗು. ಕೂಸ್ನ ನಾ ನೋಡ್ಕೋತೀನಿ. ಎಂಗೂ ಬಾಗ್ಲಾಗೇ ಕುಂತಿರ್ತೀನಲ್ಲ' ಎಂದೆ. ಅಂಗನವಾಡಿ ತೆರೆಯುವ ಹೊತ್ತಿಗೆ ನಮ್ಮ ಫ್ಯಾಕ್ಟರಿಯ ಗೇಟು ಹಾಕಿರುತ್ತದೆ. ಅದು ಮುಚ್ಚುವ ಹೊತ್ತಿಗೆ ನಾವು ಇನ್ನೂ ಮಿಷಿನ್ನಿನ ಮುಂದೆಯೇ ಇರುತ್ತೇವೆ. ನಡುವಿನ ಹೊತ್ತೆಲ್ಲ ನೀನೇ. ಮಕ್ಕಳಿಗೆ ನಿನ್ನ ಸೆರಗು ಹಿಡಿಸಿ ಅಂಗನವಾಡಿಗೆ ಸಾಲಾಗಿ ಕರೆದುಕೊಂಡು ಹೋಗುತ್ತಿದ್ದೆ, ಹಾಗೇ ಕರೆದುಕೊಂಡು ಬರುತ್ತಿದ್ದೆ. ಆ ಸೆರಗು ಒಂದು ದಿನ ಇರುವುದಿಲ್ಲ ಅಂತ ನಮಗೆ ಯಾರಿಗೂ ಹೊಳೆಯಲೇ ಇಲ್ಲ.

ಸಂಜೆ ಸೈರನ್ ಕೂಗಿದ ಮೇಲಿನ ನಿನ್ನ ಆಟ ನೆನೆದರೆ ಈಗಲೂ ನಗು ಬರುತ್ತದೆ. ದಿನವೆಲ್ಲ ಹೊಲಿದು ಬರುವ ನಮ್ಮ ಸೀರೆಗೆ ದಾರದ ಚೂರು ಅಂಟಿರುತ್ತಿತ್ತು. ಬೇರೆಯವರಾದರೆ ಕೊಡವಿಕೊಂಡು ಬಾ ಎನ್ನುತ್ತಿದ್ದರು. ನೀನು ಕೊಡವಲು ಬಿಡುತ್ತಿರಲಿಲ್ಲ. 'ನೋಡ್ ಐಸಮ್ಮ, ನಿಮ್ಮವ್ವ ಇವತ್ತೇನ್ ತಂದವ್ಳೆ?' ಎಂದು ಮಗಳನ್ನು ಮುಂದೆ ತಳ್ಳುತ್ತಿದ್ದೆ. ಅವಳು ಒಂದೊಂದೇ ಎಳೆ ಬಿಡಿಸಿ ಬಣ್ಣ ಹೇಳಬೇಕು. ಕೆಂಪು ಸಿಕ್ಕರೆ ಬೆಲ್ಲದ ಚೂರು. ಅದಕ್ಕೇ ದಿನಾ ಬೆಳಿಗ್ಗೆ, 'ಅವ್ವಾ, ಕೆಂಪ್ ತಾ' ಎಂದು ನನ್ನ ಪ್ರಾಣ ತಿನ್ನುತ್ತಿದ್ದಳು, ಬಣ್ಣ ಆರಿಸುವುದು ನಾನೇ ಅನ್ನುವ ಹಾಗೆ. ಟೀಚರ್ ಚಾರ್ಟು ತೋರಿಸುವ ಮೊದಲೇ ಬೂದು ಬಣ್ಣಕ್ಕೂ ಕಂದು ಬಣ್ಣಕ್ಕೂ ವ್ಯತ್ಯಾಸ ಹೇಳುವಷ್ಟು ಕಲಿತಿದ್ದಳು. ನಿನ್ನ ಹೊಸ್ತಿಲೂ ಒಂದು ಶಾಲೆ ಅಂತ ನಿನಗೆ ಗೊತ್ತಿತ್ತೇ?

ನೀನು ಹೋದ ಮೇಲೆ ನಾನು ಹತ್ತದ ಮೆಟ್ಟಿಲಿಲ್ಲ. ಮುಖ್ಯರಸ್ತೆಯ ಪ್ಲೇಹೋಮಿನ ಗೋಡೆಯ ಮೇಲೆ ಆನೆ, ಜಿರಾಫೆ ಎಲ್ಲ ಇವೆ. ಫೀಸು ಕೇಳಿ ಆನೆಯನ್ನಷ್ಟೇ ನೋಡಿಕೊಂಡು ಬಂದೆ. ನಮ್ಮ ಫ್ಯಾಕ್ಟರಿಯಲ್ಲೇ ಕೂಸಿನ ಕೋಣೆ ಇದೆ, ಆದರೆ ಮೂರು ವರ್ಷ ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಮನೆಯವರಿಗೋ ವಾರಕ್ಕೊಂದು ಪಾಳಿ. ಕೊನೆಗೆ ಅಂಗನವಾಡಿ ಟೀಚರ್ ಹತ್ತಿರ ಹೋಗಿ, ನಾವು ಬರುವ ತನಕ ಇಟ್ಟುಕೊಳ್ಳಿ ಮೇಡಂ ಎಂದು ಬೇಡಿಕೊಂಡೆ. ಆಕೆ ಬೀಗ ಹಾಕುತ್ತಾ, 'ನನ್ ಮಗೂನೂ ಬೇರೆಯವ್ರ ಮನೇಲಿ ಬಿಟ್ಟು ಬಂದಿದೀನಿ ಕಣಮ್ಮಾ. ಅವ್ರು ಕಾಯ್ತಿರ್ತಾರೆ' ಎಂದರು.

ಆ ನೀಲಿ ದಿನದ ಸಂಗತಿ ನಿನಗೆ ಹೇಳಲೇಬೇಕು. ಕೆಳಗಿನ ಮನೆಯ ಸುಮಾ ಐಶುವನ್ನು ಅಂಗನವಾಡಿಗೆ ಬಿಟ್ಟು, ಕರೆತಂದು ಸಂಜೆಯವರೆಗೆ ನೋಡಿಕೊಳ್ಳಲು ಒಪ್ಪಿದ್ದಳು, ಅವಳಿಗೂ ಕೈಗೂಸು. ಬೆಳಿಗ್ಗೆ ಐಶು ಬಿಡಲೊಲ್ಲದೆ ಅತ್ತಳು. ಸಮಾಧಾನಕ್ಕೆ, 'ಇವತ್ತ ನೀಲಿ ತರ್ತೀನಿ, ಕಾಯ್ಕೋಂತ ಕೂಡು' ಎಂದು ಬಂದೆ. ಮಧ್ಯಾಹ್ನಕ್ಕೆ ನೀಲಿ ಅಂಗಿಯ ಆರ್ಡರ್ ಮುಗಿದು ನಮ್ಮ ಲೈನಿಗೆ ಹಳದಿ ಬಂತು. ಸಂಜೆ ಬಂದು ನೋಡಿದರೆ ಸುಮಾಳ ಮಗು ಅಳುತ್ತಿದೆ, ಐಶು ಇಲ್ಲ. ಸುಮಾ ಕೂಸಿಗೆ ಹಾಲು ಕೊಡುತ್ತಿದ್ದಾಗ ಸೈರನ್ ಕೂಗಿದೆ, ಇವಳು ಗಲ್ಲಿಯ ತುದಿಗೆ ಹೋಗಿ ನಿಂತಿದ್ದಾಳೆ. ಶಿಫ್ಟು ಬಿಟ್ಟಾಗ ಆ ರಸ್ತೆ ಹೇಗಿರುತ್ತದೆ ನಿನಗೆ ಗೊತ್ತಲ್ಲ? ಅವಳ ಎತ್ತರಕ್ಕೆ ಮುಖ ಕಾಣುವುದಿಲ್ಲ ಅಜ್ಜಿ, ಸೀರೆಯಷ್ಟೇ ಕಾಣುತ್ತದೆ.

ಯಾವುದೋ ಫ್ಯಾಕ್ಟರಿಯ ಹೆಂಗಸು, ನನ್ನ ವಯಸ್ಸಿನವಳೇ, ಅವಳನ್ನು ಕೈಹಿಡಿದು ಗಲ್ಲಿ ಗಲ್ಲಿ ವಿಚಾರಿಸುತ್ತಾ ಕರೆತಂದಳು. 'ಬಸ್ ಸ್ಟಾಪ್ ತಂಕ ಸೆರಗು ಹಿಡ್ಕೊಂಡ್ ಬಂದ್ಬಿಟ್ಟೈತೆ ಅಕ್ಕಾ. ತಿರುಗಿ ನೋಡ್ದಾಗ್ಲೇ ನಂಗೂ ಗೊತ್ತಾಗಿದ್ದು' ಎಂದಳು. ಅವಳ ಸೀರೆಯ ತುಂಬ ನೀಲಿ ದಾರ. ಐಶು ಅಲ್ಲಿಯ ತನಕ ಅತ್ತಿರಲಿಲ್ಲವಂತೆ. ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು. 'ಅವ್ವಾ, ನೀ ನೀಲಿ ಅಂದಿದ್ದಿ' ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನವೇ ಮನೆಯವರು ಐಶುವನ್ನು ಕರೆದೊಯ್ಯಲು ಊರಿಗೆ ಫೋನ್ ಮಾಡಿದರು. ನಾನು ಜಗಳ ತೆಗೆದೆ, ಕೆಲಸ ಬಿಡುತ್ತೇನೆ ಎಂದೆ. 'ಬಿಟ್ರ ಬಾಡಿಗಿ ಯಾರ್ ಕಟ್ತಾರ? ನಿನ್ನಿ ಏನೋ ಸಿಕ್ಳು, ನಾಳಿಗಿ?' ಎಂದರು. ಅತ್ತೆ ಬಂದು, ಹೊಸ ಫ್ರಾಕು ತೊಡಿಸಿ ಕರೆದುಕೊಂಡು ಹೋದರು. ಬಸ್ಸಿನ ಕಿಟಕಿಯಲ್ಲಿ ಅವಳು ಕೈ ಬೀಸಿದಳು. ಎರಡು ದಿನಕ್ಕೆ ಬಂದುಬಿಡುತ್ತೇನೆ ಅಂದುಕೊಂಡಿರಬೇಕು. ನಾನೂ ಅಲ್ಲವೆಂದು ಹೇಳಲಿಲ್ಲ.

ಈಗ ಸಂಜೆ ವಠಾರದೊಳಗೆ ಕಾಲಿಟ್ಟರೆ ನನ್ನನ್ನು ತಡೆಯುವವರಿಲ್ಲ. ನಿನ್ನ ಕೋಣೆಯಲ್ಲಿ ಹೊಸದಾಗಿ ಮದುವೆಯಾದ ಇಬ್ಬರಿದ್ದಾರೆ, ಒಳ್ಳೆಯವರು, ಬಾಗಿಲು ಮಾತ್ರ ಯಾವಾಗಲೂ ಮುಚ್ಚಿರುತ್ತದೆ. ನಾನೇ ನನ್ನ ಸೀರೆಯ ದಾರ ಬಿಡಿಸಿಕೊಳ್ಳುತ್ತೇನೆ. ಬೆನ್ನ ಮೇಲಿನದು ಕೈಗೆ ಎಟುಕುವುದಿಲ್ಲ. ಬೇಜಾರು ಅಂದರೆ ಇಷ್ಟೊಂದು ಇರುತ್ತದೆಯೇ? ನೀನೂ ಎಲ್ಲರ ಮಕ್ಕಳೂ ಮನೆಗೆ ಹೋದ ಮೇಲೆ ಒಬ್ಬಳೇ ಹೀಗೆ ಕೂರುತ್ತಿದ್ದೆ ಅಲ್ಲವೇ? ನಾವು ಬಾಗಿಲು ಹಾಕಿಕೊಂಡು ಅಡುಗೆಗೆ ನಿಲ್ಲುತ್ತಿದ್ದೆವು, ನಿನ್ನ ಊಟ ಆಯಿತೇ ಅಂತ ಕೂಡ ಒಮ್ಮೊಮ್ಮೆ…

ಫೋನಿನಲ್ಲಿ ಮೊದಮೊದಲು ಅವಳೇ ಕೇಳುತ್ತಿದ್ದಳು, 'ಅವ್ವಾ, ಇವತ್ತ ಯಾವ ಬಣ್ಣ?' ಹಸಿರು ಎಂದರೆ ಹಸಿರು, ಕಪ್ಪು ಎಂದರೆ ಕಪ್ಪು. ಕೆಂಪು ಒಂದು ದಿನವೂ ಬಂದಿರಲಿಲ್ಲ, ಸುಳ್ಳು ಹೇಳಲು ನೀಲಿ ದಿನದಿಂದ ಭಯ. ಮೊನ್ನೆ ಕೊನೆಗೂ ನಮ್ಮ ಲೈನಿಗೆ ಕೆಂಪು ಬಂತು ಅಜ್ಜಿ. ಇಡೀ ದಿನ ನನ್ನ ಕೈಯಲ್ಲಿ ಮಿಷಿನ್ನು ಹಾಡಿತು. ಗೇಟು ದಾಟುತ್ತಲೇ ಫೋನ್ ಮಾಡಿದೆ. ಕೇಳಲಿ ಎಂದು ಕಾದೆ. ಅವಳು ಕೇಳಲಿಲ್ಲ. ಊರಲ್ಲಿ ಈಗ ಹತ್ತಿ ಬಿಡಿಸುವ ಕಾಲ, ಅತ್ತೆ ಕೂಲಿಗೆ ಹೋಗುವಾಗ ಅವಳನ್ನೂ ಹೊಲಕ್ಕೆ ಕರೆದೊಯ್ಯುತ್ತಾರೆ. 'ಆಯಿ ಸೀರಿ ತುಂಬ ಹತ್ತಿ ಐತಿ. ನಾ ತೆಗಿಲಿಕತ್ತೀನಿ. ಎಲ್ಲಾ ಬಿಳೇದ' ಎಂದಳು. ಫೋನು ಪಕ್ಕಕ್ಕಿಟ್ಟು ಊರಿನ ಅಜ್ಜಿಯನ್ನು ಕೇಳುವುದು ನನಗೆ ಕೇಳಿಸಿತು, ಥೇಟ್ ನಿನ್ನ ರಾಗದಲ್ಲಿ, 'ಆಯೀ, ಇವತ್ತೇನ್ ತಂದಿ?'

ಕೆಂಪಿನ ವಿಷಯ ನಾನು ಹೇಳಲೇ ಇಲ್ಲ.

ಅವಳನ್ನು ವಾಪಸ್ ಕರೆತರುವ ದಾರಿ ಇನ್ನೂ ಕಂಡಿಲ್ಲ, ನಿನ್ನ ಹತ್ತಿರ ಸುಳ್ಳಾಡುವುದಿಲ್ಲ. ಆದರೆ ಸಂಕ್ರಾಂತಿಗೆ ರಜೆ ಇದೆ. ಹಿಂದಿನ ಸಂಜೆ ಕೆಲಸ ಮುಗಿಸಿದವಳು ಮನೆಗೆ ಬರುವುದಿಲ್ಲ, ಸೀರೆ ಬದಲಾಯಿಸುವುದಿಲ್ಲ, ನೇರ ರಾಯಚೂರಿನ ಬಸ್ಸು ಹತ್ತುತ್ತೇನೆ. ಯಾವ ಬಣ್ಣವಾದರೂ ಇರಲಿ, ದಾರಿಯುದ್ದಕ್ಕೂ ಒಂದು ಎಳೆಯನ್ನೂ ಕೊಡವುವುದಿಲ್ಲ. ಅವಳೇ ಬಿಡಿಸಬೇಕು.

ಐಶುವಿನ ಅವ್ವ