ಕತ್ತು ಕೊಯ್ದ ಕೇಸು

ಮಾರ್ಚ್ 3, ಸೋಮವಾರ
ಬೆಳಗಿನಿಂದ ಮೂವತ್ತು ಜೇಬು ಹೊಲಿದೆ. ಎರಡು ಸಲ ಸೂಜಿ ಮುರಿಯಿತು. ಬಟ್ಟೆ ಹಾಗಿದೆ, ತಗಡಿನಂತೆ. ಜೇಬು ಎಲ್ಲರಿಗೂ ಒಂದೇ ಅಳತೆ, ಅದಕ್ಕೇ ಮೊದಲು ಮುಗಿಸುತ್ತಿದ್ದೇನೆ. ಆಸ್ಪತ್ರೆಯ ನಲವತ್ತೆರಡು ನರ್ಸಮ್ಮಂದಿರ ಕೋಟು ಇಪ್ಪತ್ತನೇ ತಾರೀಖಿಗೆ ಆಗಬೇಕು. ಹದಿನೆಂಟು ವರ್ಷದಲ್ಲಿ ನಮ್ಮ ಅಂಗಡಿಗೆ ಇಷ್ಟು ದೊಡ್ಡ ಆರ್ಡರ್ ಇದೇ ಮೊದಲು. ತಡವಾದರೆ ಮುಂದೆಲ್ಲ ಫ್ಯಾಕ್ಟರಿಗೆ ಕೊಡುತ್ತೇನೆ ಎಂದು ಹೆಡ್ ನರ್ಸ್ ಮುಖದ ಮೇಲೇ ಹೇಳಿದ್ದಾರೆ.

ಅಳತೆ ಎಲ್ಲಾ ಫೋನಿನಲ್ಲೇ ಇದೆ. ಒಬ್ಬೊಬ್ಬರೂ ಮನೆಯಲ್ಲೇ ಟೇಪು ಹಿಡಿದು ಅಂಕಿ ಕಳಿಸಿದ್ದಾರೆ. ನಾದಿನಿಯ ಐಡಿಯಾ. "ಕಾಲ ಬದಲಾಗಿದೆ ಅತ್ತಿಗೆ, ಇನ್ನೂ ಪುಸ್ತಕ ಯಾಕೆ?" ಅಂದಳು. ಆಯಿತು ತಾಯಿ ಅಂದೆ.

ಮಾರ್ಚ್ 5, ಮಧ್ಯಾಹ್ನ
ಮೆಸೇಜು ತೆರೆಯುತ್ತಿಲ್ಲ. ಕೆಂಪು ಅಕ್ಷರದಲ್ಲಿ ನಾಲ್ಕು ಸಾಲು ಇಂಗ್ಲಿಷು. ನಾದಿನಿ ಓದಿ ಹೇಳಿದಳು: ನಾನು ಯಾರಿಗೋ ಜೀವಬೆದರಿಕೆ ಹಾಕಿದ್ದೇನಂತೆ. ಅದಕ್ಕೇ ಖಾತೆ ಮುಚ್ಚಿದ್ದಾರಂತೆ.

ನಾನು! ಇರುವೆ ಕಂಡರೆ ದಾಟಿಕೊಂಡು ಹೋಗುವವಳು! (ನಾಲಿಗೆಯ ವಿಷಯ ಬೇರೆ.)

ಕೊನೆಗೆ ಕಳಿಸಿದ್ದೇನು ಎಂದು ಇಬ್ಬರೂ ನೆನಪು ಮಾಡಿಕೊಂಡೆವು. ಬ್ಯಾಂಕಿನ ಮೇಡಂಗೆ, ಅವರ ಗೌನಿನ ಬಗ್ಗೆ: "ಕೈ ಎರಡೂ ಕತ್ತರಿಸಿ ಇಟ್ಟಿದ್ದೀನಿ. ನಾಳೆ ಬನ್ನಿ, ನಿಮ್ಮ ಕಣ್ಣೆದುರೇ ಕತ್ತು ಕೊಯ್ತೀನಿ."

ನಾದಿನಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಆಮೇಲೆ ಹೊಳೆಯಿತು... ಅಳತೆ ಎಲ್ಲಾ ಅದರೊಳಗೇ ಇದೆ. ನಗು ಅಲ್ಲೇ ನಿಂತಿತು.

ಅದೇ ದಿನ, ಸಂಜೆ
ಮನವಿ ಬರೆಯಬಹುದಂತೆ. ನಾನು ಹೇಳಿದೆ, ನಾದಿನಿ ಒತ್ತಿದಳು: "ಸ್ವಾಮೀ, ಕತ್ತು ಕೊಯ್ಯೋದು ನಿಜ. ಸುಳ್ಳು ಹೇಳಲ್ಲ. ಹದಿನೆಂಟು ವರ್ಷದಿಂದ ಕೊಯ್ತಾ ಇದ್ದೀನಿ, ಇವತ್ತಿನವರೆಗೂ ಒಬ್ಬರೂ ತಕರಾರು ತೆಗೆದಿಲ್ಲ."

ಐದೇ ನಿಮಿಷಕ್ಕೆ ಉತ್ತರ ಬಂತು. ಇನ್ನೂ ಮೂವತ್ತು ದಿನ ಬಂದ್.

ಮಾರ್ಚ್ 6, ಗುರುವಾರ
ಪಕ್ಕದ ಫೋಟೋ ಸ್ಟುಡಿಯೋದವನು ಸಮಾಧಾನ ಹೇಳಲು ಬಂದ. ಹೋದ ವರ್ಷ ಅವನದೂ ಮುಚ್ಚಿತ್ತಂತೆ. "ಮೊದಲು ಮಗೂನ ಶೂಟ್ ಮಾಡ್ತೀನಿ, ಆಮೇಲೆ ಇಡೀ ಫ್ಯಾಮಿಲೀನ ಗೋಡೆಗೆ ನಿಲ್ಲಿಸಿ ಶೂಟ್ ಮಾಡ್ತೀನಿ" ಅಂತ ಬರೆದಿದ್ದನಂತೆ ಪುಣ್ಯಾತ್ಮ. ಮೆಸೇಜು ಪರೀಕ್ಷೆ ಮಾಡುವ ಯಂತ್ರ ಸಮುದ್ರದಾಚೆ ಇದೆಯಂತೆ. ನಮ್ಮ ಮಾತನ್ನು ಮೊದಲು ತನ್ನ ಭಾಷೆಗೆ ತಿರುಗಿಸಿಕೊಳ್ಳುತ್ತದೆ, ಆಮೇಲೆ ಹೆದರಿಕೊಳ್ಳುತ್ತದೆ. "ಅವರಿಗೆ ನಾವು ಯಾವ ಲೆಕ್ಕ, ಬಿಡಕ್ಕ" ಅಂದ.

ಆ ಮಾತಿಗೆ ಮೈ ಉರಿಯಿತು. ಅವನು ಹೋದ ಮೇಲೆ ಅಳುವೂ ಬಂತು. ಮೆಷಿನ್ನಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಅತ್ತೆ. ಬಿಳಿ ಬಟ್ಟೆ, ಕಲೆಯಾದೀತು ಎಂದು ಎದ್ದೆ.

ಮಾರ್ಚ್ 10, ಸೋಮವಾರ
ಮೂರು ದಿನ ಬರೆಯಲಿಲ್ಲ. ಆಸ್ಪತ್ರೆಯಲ್ಲಿದ್ದೆ. ಕಾಯಿಲೆಯಲ್ಲ! ಟೇಪು ಕೊರಳಿಗೆ ಹಾಕಿಕೊಂಡು, ಶಿಫ್ಟ್ ಬದಲಾಗುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟೆ. ಬಂದವರನ್ನು ಬಂದ ಹಾಗೇ ಹಿಡಿದು ಅಳೆದೆ. ನಾದಿನಿ ಬರೆದುಕೊಂಡಳು, ಪುಸ್ತಕದಲ್ಲಿ. ನಾನು ಪುಸ್ತಕದ ಕಡೆ ನೋಡಿ ಕೆಮ್ಮಿದೆ. ನಲವತ್ತೆರಡೂ ಮುಗಿಯಿತು.

ಒಂದು ತಮಾಷೆ. ಮಕ್ಕಳ ವಾರ್ಡಿನ ನರ್ಸಮ್ಮ ಸೊಂಟ ಮೂವತ್ತು ಎಂದು ಕಳಿಸಿದ್ದು ನೆನಪಿತ್ತು. ಟೇಪು ಮೂವತ್ತೇಳು ಅಂತು. "ಅದು ನನ್ನ ಆಸೆಯ ಅಳತೆ ಅಕ್ಕಾ" ಅಂದರು. ಇನ್ನೂ ಹತ್ತು ಹನ್ನೊಂದು ಜನರದ್ದು ಹೀಗೇ. ಫೋನು ನಂಬಿ ಹೊಲಿದಿದ್ದರೆ ಮಾನ ಹೋಗುತ್ತಿತ್ತು. ಖಾತೆ ಮುಚ್ಚಿದವರಿಗೆ ಕೈ ಮುಗಿಯಬೇಕು. ಒಂದೇ ಕೈಯಲ್ಲಿ.

ಮಾರ್ಚ್ 14, ಶುಕ್ರವಾರ
ಫೋನ್ ಬಂತು. ಹುಡುಗಿಯ ದನಿ, ನಮ್ಮದೇ ಮಾತು. ಅದೇ ಮೆಸೇಜಿನ ಕಂಪನಿಯವಳು! ನನ್ನ ಮನವಿ ಓದಿ ನಗು ತಡೆಯಲಾಗದೆ ಕರೆ ಮಾಡಿದಳಂತೆ. ಖಾತೆ ತೆರೆದಿದ್ದೇನೆ ಅಂದಳು. ಅವರ ದೇಶದಲ್ಲಿ ಹೊಸ ಗಿರಾಕಿ ಮುಗಿದರಂತೆ, ಈಗ ಬೆಳೆಯುವುದೆಲ್ಲ ನಮ್ಮಂಥವರ ಕಡೆಯೇ ಅಂತೆ. ನಾವು ಎದ್ದು ಹೋದರೆ ಅವರು ಅಂಗಡಿಗೆ ಬೀಗ ಹಾಕಬೇಕು. ಅದಕ್ಕೇ ಹೋದ ತಿಂಗಳು ನಮ್ಮ ಭಾಷೆಗೆಂದೇ ಒಂದಷ್ಟು ಜನರನ್ನು ಕೂರಿಸಿದ್ದಾರೆ.

"ಇಷ್ಟು ದಿನ ಅವರ ಮಾತು ನಾವು ಕಲೀತಿದ್ವಿ ಅಮ್ಮಾ. ಈಗ ನಮ್ಮದನ್ನ ಅವರು ಕಲೀಬೇಕು."

"ಕಲೀಲಿ ಬಿಡಮ್ಮ. ವಿದ್ಯೆಗೆ ವಯಸ್ಸಿಲ್ಲ" ಅಂದೆ.

ಯಂತ್ರಕ್ಕೆ ಕಲಿಸಲು ಕಸುಬಿನ ಮಾತುಗಳು ಬೇಕಂತೆ. ಪುಕ್ಕಟೆ ಪಾಠ ಹೇಳಲ್ಲ ಅಂದೆ, ಅದಕ್ಕೂ ಒಪ್ಪಿದಳು. ತಪ್ಪಾಗಿ ಖಾತೆ ಮುಚ್ಚಿಸಿಕೊಂಡವರಿಗೆ ಕಳಿಸುವ ಸಾಲನ್ನೂ ಓದಿದಳು: "ತಮಗುಂಟಾದ ಅನನುಕೂಲತೆಗಾಗಿ ವಿಷಾದ ವ್ಯಕ್ತಪಡಿಸುತ್ತೇವೆ."

"ಇದೇನಮ್ಮ, ಸತ್ತೋರ ಮನೇಲಿ ಓದೋ ಹಾಗಿದೆ! ತಪ್ಪು ಮಾಡಿದೋರು 'ತಪ್ಪಾಯ್ತು' ಅಂತಾರೆ, ಅಷ್ಟೇ."

ಆ ಕಡೆ ಟಕಟಕ ಸದ್ದು. ಬರೆದುಕೊಳ್ಳುತ್ತಿದ್ದಳೋ ಏನೋ.

ಮಾರ್ಚ್ 20
ಕೊಟ್ಟೆವು. ನಲವತ್ತೆರಡೂ. ಹೆಡ್ ನರ್ಸ್ ಒಂದೊಂದನ್ನೂ ಒಳಗು ಹೊರಗು ಮಾಡಿ ನೋಡಿದರು. ಬಿಚ್ಚಿದ ದಾರ ಒಂದೂ ಸಿಗಲಿಲ್ಲ. "ಬರೋ ವರ್ಷಾನೂ ನೀವೇ" ಅಂದರು. ಬೆನ್ನು ಮುರಿದು ಹೋಗಿದೆ. ತುಂಬಾ ಸಂತೋಷ.

ಮಾರ್ಚ್ 22, ಶನಿವಾರ, ಬೆಳಗ್ಗೆ 11
ಫೋನಿಗೆ ಕಂಪನಿಯ ಮೆಸೇಜು. ಇಂಗ್ಲಿಷಲ್ಲ. "ತಪ್ಪಾಯ್ತು. ನಿಮ್ಮ ಮಾತು ನಮಗೆ ತಿಳೀಲಿಲ್ಲ."

ನಾಲ್ಕು ಸಲ ಓದಿದೆ. ಅಷ್ಟು ದೂರದ, ಅಷ್ಟು ದೊಡ್ಡವರು... ನನ್ನ ಹತ್ತಿರ ಗಂಡ ಕೂಡ ಇಷ್ಟು ನೇರವಾಗಿ ಅಂದದ್ದಿಲ್ಲ. ಕಣ್ಣು ತುಂಬಿತು.

ಉತ್ತರ ಕೊಡದಿದ್ದರೆ ಸರಿಯಲ್ಲ. ಬರೆದೆ: "ಪರವಾಗಿಲ್ಲ ಬಿಡಿ. ಇನ್ನೊಂದು ಸಲ ಹೀಗೆ ಮಾಡಿದ್ರೆ ಕಿವಿ ಕಿತ್ತು ಕೈಗೆ ಕೊಡ್ತೀನಿ."

"ಅತ್ತಿಗೇ! ಬೇಡ, ಕಳಿಸ್ಬೇಡಿ!" ನಾದಿನಿ ಕತ್ತರಿ ಬಿಸಾಕಿ ಓಡಿ ಬಂದಳು.

ಒತ್ತಿಬಿಟ್ಟಿದ್ದೆ.

ಇಬ್ಬರೂ ಉಸಿರು ಹಿಡಿದು ಕೂತೆವು. ಐದು ನಿಮಿಷ... ಹತ್ತು ನಿಮಿಷ... ಕೆಂಪು ಅಕ್ಷರ ಬರಲಿಲ್ಲ. ಬೈಗುಳ ಯಾವುದು, ಸಲಿಗೆ ಯಾವುದು, ಆ ಯಂತ್ರಕ್ಕೂ ತಿಳಿಯಿತು! ಈಗ ಟಿಣ್ ಅಂತು. ಏನೋ ಉತ್ತರ ಬಂದಿದೆ. ನಾದಿನಿ ಓದಿಕೊಂಡು ಬಿದ್ದು ಬಿದ್ದು ನಗುತ್ತಿದ್ದಾಳೆ, ಫೋನು ಕೊಡುತ್ತಿಲ್ಲ. ಕೊಡೇ ಇಲ್ಲಿ, ನಾನೂ —