ಮಾತೆಯ ನೀಲಿ ಬಳಿದ ಕೋವಿ

ಪಾಯಿಂಟ್ ಸಾರ್ಸೆಲ್, ಲೂಸಿಯಾನ
ಅಕ್ಟೋಬರ್ ೨೬, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳು ಮಿರೇಲ್‌ಗೆ,

ಒಂದು ಸಂಗತಿ ಬರೆಯದೆಯೇ ಈ ಪತ್ರ ಮುಗಿಸಿಬಿಡುವುದರಲ್ಲಿದ್ದೆ. ನಿಜ ಹೇಳಬೇಕೆಂದರೆ ಮುಗಿಸಿಯೂ ಇದ್ದೆ. ಹವೆ, ನಾಯಿ, ನಿನ್ನ ಅಪ್ಪನ ಸೊಂಟನೋವು ಎಲ್ಲವೂ ಅದರಲ್ಲಿತ್ತು; ಅಜ್ಜನ ಕೋವಿಯ ಸುದ್ದಿ ಮಾತ್ರ ಇರಲಿಲ್ಲ. ಲಕೋಟೆಗೆ ಅಂಟು ಹಚ್ಚುವಾಗ, ಇದನ್ನು ಬಿಟ್ಟದ್ದು ನಿನ್ನ ನೆಮ್ಮದಿಗೋ ನನ್ನ ನೆಮ್ಮದಿಗೋ ಎಂದು ನನ್ನನ್ನೇ ಕೇಳಿಕೊಂಡೆ. ಆ ಹಾಳೆ ಹರಿದು ಇದನ್ನು ಹೊಸದಾಗಿ ಶುರುಮಾಡಿದ್ದೇನೆ.

ಮೊದಲು ನೀನು ಹೇಗಿದ್ದೀಯ ಹೇಳು. ಹಿಮ್ಮಡಿಯ ಬೊಕ್ಕೆ ಒಣಗಿತೇ? ಪಡೆಯ ತರಬೇತಿಯವರು ಫೋನು ಕಿತ್ತಿಟ್ಟುಕೊಂಡಿರುವುದರಿಂದ ನಿನ್ನ ದನಿ ಕೇಳದೆ ಮನೆ ಬಿಕೋ ಎನ್ನುತ್ತಿದೆ, ಆದರೆ ನಿನ್ನ ಕೈಬರಹ ಇಷ್ಟು ಚೆನ್ನಾಗಿದೆಯೆಂದು ತಿಳಿದದ್ದು ಅದರಿಂದಲೇ. ಊಟಕ್ಕೆ ಹತ್ತೇ ನಿಮಿಷ ಕೊಡುತ್ತಾರೆಂದು ಬರೆದಿದ್ದೆಯಲ್ಲ, ಅದನ್ನು ಓದಿ ಹೇಳಿದಾಗ ಅಜ್ಜ, "ಹತ್ತು ನಿಮಿಷದಲ್ಲಿ ಕಾಫಿಯೇ ತಣ್ಣಗಾಗಲ್ಲ, ಅವರೇನು ಕ್ರೈಸ್ತರೋ ಅಲ್ಲವೋ!" ಎಂದರು. ಅನ್ನಕ್ಕೆ ಖಾರವೇ ಇಲ್ಲವೆಂದೂ ಬರೆದಿದ್ದೆ. ರಜೆಗೆ ಬಾ, ಬಂದ ದಿನವೇ ಬಾತಿನ ಸಾರು ಮಾಡುತ್ತೇನೆ. ಕಳೆದ ವರ್ಷದ ಎರಡು ಬಾತು ಇನ್ನೂ ಫ್ರೀಜರಿನ ತಳದಲ್ಲಿವೆ. ಎರಡೂ ಅಜ್ಜನ ಬೇಟೆಯ ಜೊತೆಗಾರ ಕ್ಲೋವಿಸ್ ಮಾಮ ಕೊಟ್ಟವು. ಈ ಸುದ್ದಿ ಶುರುವಾಗುವುದೂ ಅಲ್ಲಿಂದಲೇ.

ಹೋದ ಸಲ ಬೇಟೆಯ ಕಾಲವೆಲ್ಲ ಮುಗಿದರೂ ಅಜ್ಜನ ಕೋವಿಗೆ ಒಂದು ಹಕ್ಕಿಯೂ ಬೀಳಲಿಲ್ಲ. ಊರಿಗೇ ಹೆಸರು ಕೊಟ್ಟ ಸಾರ್ಸೆಲ್ ಬಾತುಗಳು ತಲೆಯ ಮೇಲೆಯೇ ಸುಳಿದು ಹೋದರೂ ಒಂದು ಗರಿ ಉದುರಲಿಲ್ಲ. ಅಜ್ಜ ಅದಕ್ಕೊಂದು ಕಾರಣ ಕಂಡುಕೊಂಡರು: ನಳಿಗೆ ಬಿಸಿಲಿಗೆ ಹೊಳೆಯುತ್ತದೆ, ಹೊಳಪು ಕಂಡು ಬಾತು ತಿರುಗಿಕೊಳ್ಳುತ್ತದೆ. ನೀನು ಕರಾವಳಿ ಕಾವಲು ಪಡೆಗೆ ಹೊರಟ ಮೇಲೆ ಆ ಕಾರಣ ಗಟ್ಟಿಯಾಯಿತು. ಬಣ್ಣವನ್ನೇ ಕಾಣದ ಆ ಕೋವಿಗೆ, ಅಕ್ರೋಟು ಮರದ ಹಿಡಿಯನ್ನು ಎಣ್ಣೆ ಹಾಕಿ ಹಾಕಿ ಕನ್ನಡಿ ಮಾಡಿಟ್ಟಿದ್ದ ಆ ಕೋವಿಗೆ, ಈ ಸಲ ಹುಲ್ಲಿನಲ್ಲಿ ಕಲೆತುಹೋಗುವ ಮರೆಬಣ್ಣ ಹಾಕಿಯೇ ತೀರುತ್ತೇನೆ ಎಂದರು. ಅಂಗಡಿಯಲ್ಲಿ ಎಲೆಗಳ ಚಿತ್ರವಿರುವ ಅಂಟುಪಟ್ಟಿ ಸಿಗುತ್ತದೆ, ಅದನ್ನೇ ಸುತ್ತೋಣ ಎಂದು ನಿನ್ನ ಅಪ್ಪ ಹೇಳಿ ಬೈಸಿಕೊಂಡರು. "ಅದು ಎಲ್ಲಿಯದೋ ಓಕ್ ಮರದ ಎಲೆ. ನಮ್ಮ ಜವುಗಿನಲ್ಲಿ ಓಕ್ ಎಲ್ಲಿದೆಯಪ್ಪಾ, ನಿನ್ನ ತಲೆ ಮೇಲಾ?"

ಒಂದು ಬೆಳಿಗ್ಗೆ ಅವರು ನಮ್ಮ ಕೊಳದ ದಂಡೆಯಿಂದಲೇ ಜೊಂಡು, ಲಾಳದ ಕಡ್ಡಿಯ ಎಲೆ, ಒಣಗಿದ ಹುಲ್ಲು ಕೊಯ್ದು ತಂದರು. ಕೋವಿಯ ಎಣ್ಣೆಜಿಡ್ಡನ್ನು ತಿನ್ನರಿನಿಂದ ಉಜ್ಜಿ ತೆಗೆದರು. ನಳಿಗೆಯ ಬಾಯಿಗೆ ಸ್ಪಂಜು ತುರುಕಿದರು, ಬೆರಳಿಡುವ ಕುದುರೆಗೆ ಕಾಗದದ ಪಟ್ಟಿ ಸುತ್ತಿದರು. ಮೊದಲು ಮೈತುಂಬ ಒಣಮಣ್ಣಿನ ಬಣ್ಣ. ಅದು ಆರಿದ ಮೇಲೆ ಅದರ ಮೇಲೆ ನಿಜವಾದ ಎಲೆಗಳನ್ನೇ ಅಡ್ಡಾದಿಡ್ಡಿ ಹರಡಿ, ಮೇಲಿಂದ ಕಂದು ಬಣ್ಣದ ಸ್ಪ್ರೇ. ಎಲೆ ಎತ್ತಿದರೆ ಅದರ ಅಡಿಯಲ್ಲಿ ಮಣ್ಣಿನ ಬಣ್ಣ ಹಾಗೇ ಉಳಿದಿರುತ್ತದೆ, ಹುಲ್ಲೇ ಕೋವಿಯೊಳಗೆ ಬೆಳೆದಂತೆ. ನಾನು ಪಕ್ಕದಲ್ಲಿ ಕೂತು ಎಲೆ ಆರಿಸಿ ಕೊಡುತ್ತಿದ್ದೆ. ಅಜ್ಜ ಫ್ರೆಂಚಿನಲ್ಲಿ ಏನೋ ಗುನುಗುತ್ತಿದ್ದರು, ನನಗೆ ಅರ್ಧ ಅರ್ಥವಾಗುತ್ತಿತ್ತು. ಅವರ ಮಗಳಾದರೂ ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಅವರ ಭಾಷೆ ಯಾವಾಗಲೂ ಪಕ್ಕದ ಕೋಣೆಯ ಮಾತಿನ ಹಾಗೆ. ಅವರ ಬೆರಳು ಎಲೆಯ ಅಂಚನ್ನು ಸವರಿ ಸವರಿ ಜೋಡಿಸುತ್ತಿದ್ದದ್ದು ಎಷ್ಟು ಚೆಂದ ಎಂದುಕೊಂಡೆ. ಅಷ್ಟು ಸವರುವುದೇಕೆ ಎಂದು ಯೋಚಿಸಲಿಲ್ಲ. ಕೊನೆಯ ಬಣ್ಣ ಹೊಡೆಯುವ ಹೊತ್ತಿಗೆ ನಾನು ಪಾಠ ಮಾಡುವ ಶಾಲೆಯಿಂದ ಕರೆ ಬಂದು ನಾನು ಎದ್ದು ಹೋದೆ.

ಸಂಜೆ ಬಂದು ನೋಡುತ್ತೇನೆ, ಕೊಟ್ಟಿಗೆಯಲ್ಲಿ ಕೋವಿ ಹಗ್ಗಕ್ಕೆ ನೇತಾಡುತ್ತಿದೆ, ನೀಲಿ! ತಿಳಿನೀಲಿ, ಮಿರೇಲ್. ಅಂಗಳದಲ್ಲಿ ಹಳೆಯ ಸ್ನಾನದ ತೊಟ್ಟಿಯನ್ನು ನೆಟ್ಟಗೆ ಅರ್ಧ ಹೂತು ಗೂಡು ಮಾಡಿ ಮೇರಿ ಮಾತೆಯನ್ನು ನಿಲ್ಲಿಸಿದ್ದೇವಲ್ಲ, ಆ ಗೂಡಿನ ಒಳಗೆ ಪ್ರತಿ ಆಗಸ್ಟಿನಲ್ಲಿ ಮಾತೆಯ ಹಬ್ಬಕ್ಕೆ ಅಜ್ಜ ಹೊಡೆಯುವ ಅದೇ ನೀಲಿ. ಹಬ್ಬದ ದಿನ ಯಾರೋ ಕಂದು ಡಬ್ಬಿಯ ಮುಚ್ಚಳವನ್ನು ನೀಲಿ ಡಬ್ಬಿಗೆ ಹಾಕಿಟ್ಟಿರಬೇಕು. ಕೊಟ್ಟಿಗೆಯಲ್ಲಿ ಬೆಳಕು ಕಡಿಮೆ, ಯಾರಿಗಾದರೂ ಆಗುವ ತಪ್ಪೇ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅಜ್ಜ ಅದನ್ನು ಹಗ್ಗದಿಂದ ಬಿಚ್ಚಿ ಹೊರಗಿನ ಬಿಸಿಲಿಗೆ ತಂದರು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. "ನೋಡು ಮಗಾ, ಕಂದು ಹೇಗೆ ಕೂತಿದೆ! ಥೇಟ್ ಜನವರಿಯ ಜೊಂಡು." ನನ್ನ ಮುಖದ ನಗು ಅಲ್ಲೇ ನಿಂತಿತು. ಅದು ಅವರಿಗೆ ಕಾಣಲಿಲ್ಲ ಎಂಬುದೂ ಆಗ ಗೊತ್ತಾಯಿತು.

ಆಮೇಲಿನದು ನಮ್ಮ ಮನೆಯ ಪರೀಕ್ಷೆ, ನಿನಗೆ ಗೊತ್ತಿದ್ದದ್ದೇ. ಯಾರ ಕೋವಿಗೆ ಹೊಸ ಬಣ್ಣ ಬಳಿದರೂ ಅದನ್ನು ಜೊಂಡಿನಲ್ಲಿ ನಿಲ್ಲಿಸಿ ಬರಬೇಕು, ಅಷ್ಟು ಹೊತ್ತು ಉಳಿದವರು ಬೆನ್ನು ತಿರುಗಿಸಿರಬೇಕು. ಒಂದು 'ನಮೋ ಮರಿಯ' ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಯಾರ ಕಣ್ಣಿಗಾದರೂ ಕೋವಿ ಬಿದ್ದರೆ ಬಣ್ಣ ಕೆಟ್ಟಿತೆಂದು ಲೆಕ್ಕ, ಮತ್ತೆ ಬಳಿಯಬೇಕು. ಹೋದ ಭಾನುವಾರ ಅಜ್ಜ ಕ್ಲೋವಿಸ್ ಮಾಮನನ್ನೂ ಕರೆಸಿದರು. ಮೂವತ್ತು ವರ್ಷ ಒಂದೇ ದೋಣಿಯಲ್ಲಿ ಕೂತವರು, ಸಾಕ್ಷಿಗೆ ಅವರಿಲ್ಲದಿದ್ದರೆ ಹೇಗೆ? ನಾವು ತಿರುಗಿ ನೋಡಿದಾಗ ಒಣ ಜೊಂಡಿನ ನಡುವೆ ಕೋವಿ, ಯಾರೋ ಆಕಾಶದಿಂದ ಒಂದು ಪಟ್ಟಿ ಹರಿದು ನೆಟ್ಟಂತೆ ನಿಂತಿತ್ತು. ಅಜ್ಜ ನಿಧಾನವಾಗಿ, ಒಂದೊಂದು ಪದವನ್ನೂ ಎಳೆದು, ಫ್ರೆಂಚಿನಲ್ಲಿ ಪ್ರಾರ್ಥನೆ ಶುರುಮಾಡಿದರು. ಕ್ಲೋವಿಸ್ ಮಾಮ ಮೀಸೆ ಕಚ್ಚಿಕೊಂಡು ನನ್ನನ್ನು ನೋಡಿದರು. ನಿನ್ನ ಅಪ್ಪ ಬಾಯಿ ತೆರೆಯುವುದರಲ್ಲಿದ್ದರು. ಮೊದಲ ಸುಳ್ಳು ನನ್ನದೇ: "ನನಗಂತೂ ಏನೂ ಕಾಣ್ತಿಲ್ಲಪ್ಪ." ಆಮೇಲೆ ಉಳಿದಿಬ್ಬರಿಗೆ ಸುಲಭವಾಯಿತು. "ಎಲ್ಲಿಟ್ಟಿದೀಯೋ ಮಾರಾಯ, ಕೊಳದೊಳಗೆ ಮುಳುಗಿಸಿದೀಯಾ?" ಎಂದರು ಕ್ಲೋವಿಸ್ ಮಾಮ. ನಿನ್ನ ಅಪ್ಪ ಹಣೆಗೆ ಕೈ ಅಡ್ಡ ಹಿಡಿದು ಆಚೆ ಈಚೆ ಹುಡುಕಿದ ನಾಟಕ ಆ ಮನುಷ್ಯ ಜನ್ಮದಲ್ಲಿ ಮಾಡಿರದಷ್ಟು ಚೆನ್ನಾಗಿತ್ತು. ನಮ್ಮ ಹಾಳಾದ ನಾಯಿ ಕಾಫಿ ಮಾತ್ರ ನೇರ ಕೋವಿಯ ಪಕ್ಕ ಹೋಗಿ ಕೂತು, ನಮ್ಮನ್ನೇ ನೋಡುತ್ತ ಬಾಲ ಬಡಿಯತೊಡಗಿತು. ಯಾವ ನಾಯಿಗೂ ಸುಳ್ಳು ಕಲಿಸಲಾಗುವುದಿಲ್ಲ.

ಪ್ರಾರ್ಥನೆ ಮುಗಿಯಿತು. ಅಜ್ಜ ಗೆದ್ದರು. ಕೋವಿ ತರಲು ತಾವೇ ಜೊಂಡಿನೊಳಗೆ ಹೋದರು. ಅವರ ಕೈ ಕೋವಿಯ ಈ ಪಕ್ಕದಿಂದ ಹೋಯಿತು, ಆ ಪಕ್ಕದಿಂದ ಹೋಯಿತು, ಬರಿಯ ಎಲೆಗಳನ್ನು ಸವರುತ್ತ ಹೋಯಿತು. ಕೊನೆಗೆ ಬೆರಳಿಗೆ ತಣ್ಣಗಿನ ನಳಿಗೆ ತಗುಲಿತು. "ನೋಡಿದ್ರಾ!" ಎಂದು ಅವರು ಅದನ್ನೆತ್ತಿ ಕುಣಿಸಿದರು. "ಇಟ್ಟ ನನಗೇ ಸಿಗ್ಲಿಲ್ಲ!" ಬಣ್ಣದ ತಪ್ಪಿಗೆ ನಗಬಹುದಿತ್ತು ಮಗಳೇ. ಆ ಕೈಯನ್ನು ನೋಡಿದ ಮೇಲೆ ನಗಲು ಯಾರಿಗೂ ಆಗಲಿಲ್ಲ. ಅವರಿಗೆ ನೋಟದ ಅಂಚಿನಲ್ಲಿ ಇರುವುದು ಅಷ್ಟಿಷ್ಟು ಕಾಣುತ್ತದೆ, ಮನೆಯೊಳಗೆ ಎಡವದೆ ಓಡಾಡುತ್ತಾರೆ. ನಡುವೆ ಇರುವುದು ಕಾಣುವುದಿಲ್ಲ. ಗುರಿ ಇರುವುದು ನಡುವೆಯೇ ಅಲ್ಲವೇ?

ಈಗ ನನ್ನ ಸಂಕಟ ಹೇಳುತ್ತೇನೆ. ನಿನ್ನ ರಜೆಯ ನಡುವೆಯೇ, ನವೆಂಬರಿನ ಎರಡನೇ ಶನಿವಾರ, ಬೇಟೆಯ ಮೊದಲ ಬೆಳಗು ಬರುತ್ತದೆ. ಅಜ್ಜ ಆಗಲೇ ಎಲ್ಲ ಯೋಜನೆ ಹಾಕಿದ್ದಾರೆ: ದೋಣಿಯ ಮುಂದೆ ನೀನು, ನಿನ್ನ ಬೆನ್ನ ಹಿಂದೆ ತುಂಬಿದ ಕೋವಿ ಹಿಡಿದು ಅವರು. ಹೇಳಲೇಬೇಕು, ಆದರೆ ಯಾರು? "ನೀನೇ ಹೇಳಮ್ಮ, ಟೀಚರ್ ನೀನು. ನಾನ್ ಹೇಳಿದ್ರೆ ದೋಣಿಯಿಂದ ನೀರಿಗೆ ನೂಕ್ತಾನೆ," ಎಂದು ಕ್ಲೋವಿಸ್ ಮಾಮ ಕೈ ತೊಳೆದುಕೊಂಡರು. ಕೋವಿ ಬಚ್ಚಿಟ್ಟುಬಿಡೋಣ ಎಂದರು ನಿನ್ನ ಅಪ್ಪ. ಮಾಮ, "ಆ ಬಣ್ಣದ್ದನ್ನ ಎಲ್ಲಿ ಬಚ್ಚಿಡ್ತೀಯೋ, ಚರ್ಚಿನ ಗೋಪುರದ ಮೇಲಿಂದ್ಲೂ ಕಾಣ್ಸುತ್ತೆ" ಎಂದರು. ಮೂವರೂ ನಕ್ಕೆವು. ಪ್ರೀತಿಯಿಂದಲೇ ಸುಳ್ಳು ಹೇಳಿದೆ ಎಂದು ನಾನು ನಂಬಿದ್ದೇನೆ. ಆದರೂ ಈ ವಾರವೆಲ್ಲ ಅವರು ಬಂದ ಬಂದವರಿಗೆ ಆ ಕೋವಿ ತೋರಿಸುವಾಗ, ನಮ್ಮ ಸುಳ್ಳನ್ನು ಅವರ ಕೈಗೆ ಕೊಟ್ಟು ಊರೆಲ್ಲ ಮೆರೆಸುತ್ತಿದ್ದೇನೆ ಅನಿಸುತ್ತದೆ. ಐವತ್ತರ ಹತ್ತಿರ ಬಂದರೂ ಅಪ್ಪನ ಎದುರು ನಿಂತು 'ನಿಮಗೆ ಕಣ್ಣು ಕಾಣುವುದಿಲ್ಲ' ಎನ್ನಲು ನನಗೆ ಯಾವ ಭಾಷೆಯೂ ಸಾಲುತ್ತಿಲ್ಲ. ನಾಳೆ ಚರ್ಚಿನ ಪೂಜೆ ಮುಗಿದ ಮೇಲೆ ಹೇಳುತ್ತೇನೆ. ಹೇಳಿದ ಮೇಲೆ ಅವರು ನನ್ನೊಡನೆ ಮಾತು ಬಿಟ್ಟರೆ, ಬಂದು ಜೋಡಿಸುವುದು ನಿನ್ನ ಕೆಲಸ.

ಚೆನ್ನಾಗಿ ನಿದ್ದೆಮಾಡು. ಬೊಕ್ಕೆಯ ಮೇಲೆ ಒದ್ದೆ ಕಾಲುಚೀಲ ಹಾಕಬೇಡ. ನಿನ್ನ ಅಪ್ಪ ಅಪ್ಪುಗೆ ಕಳಿಸಿದ್ದಾರೆ, ಕ್ಲೋವಿಸ್ ಮಾಮನದೊಂದು ಸಲ್ಯೂಟು. ಅಜ್ಜ ಹಣೆಗೆ ಶಿಲುಬೆ ಹಾಕಿ ಹರಸಲು ನಿನ್ನ ಫೋಟೋದ ಗಾಜನ್ನೇ ದಿನವೂ ಮುಟ್ಟಿ ಮುಟ್ಟಿ ಮಸುಕು ಮಾಡಿದ್ದಾರೆ. ಮಾತೆ ನಿನ್ನನ್ನು ಕಾಯಲಿ.

ಇಂತಿ ನಿನ್ನ
ಅಮ್ಮ

ವಿ.ಸೂ.: ಭಾನುವಾರ, ಅನ್ನ ಒಲೆಯ ಮೇಲಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಪೂಜೆಯಿಂದ ಬಂದು ಕೊಟ್ಟಿಗೆಗೆ ಹೋದೆ. "ಅಪ್ಪಾ, ಆ ಬಣ್ಣ..." ಎಂದು ಮಾತು ತೆಗೆಯುವಷ್ಟರಲ್ಲಿ ಅವರು, "ತೋಳು ಮಡಚು" ಎಂದರು. ಮಡಚಿದೆ. ಕೋವಿಯ ಹಿಡಿಯ ತುದಿಯನ್ನು ನನ್ನ ಮೊಣಕೈಯ ಒಳಮಡಿಕೆಗೆ ಆನಿಸಿ, ನನ್ನ ಬೆರಳು ಕುದುರೆಗೆ ಎಲ್ಲಿ ಮುಟ್ಟುತ್ತದೆಂದು ತಡವಿ ನೋಡಿದರು. "ಮಿರೇಲ್ ತೋಳೂ ನಿನ್ನಷ್ಟೇ ಉದ್ದ ಅಲ್ವಾ?" ಹೌದೆಂದೆ. ಹಿಡಿಗೆ ಕಾಗದದ ಪಟ್ಟಿ ಸುತ್ತಿ, ಉಗುರಿನಿಂದ ಗೀರಿ, ಗರಗಸ ನನ್ನ ಕೈಗಿಟ್ಟರು. "ಗೆರೆ ನನಗೆ ಕಾಣಲ್ಲ. ನೀನೇ ಕೊಯ್ಯಿ." ವಾರವಿಡೀ ನಾನು ಹೇಳಲಾಗದ್ದನ್ನು ಅವರು ಅಷ್ಟರಲ್ಲಿ ಮುಗಿಸಿಬಿಟ್ಟರು. ಕೊಯ್ದರೆ ಆಮೇಲೆ ನಿಮ್ಮ ತೋಳಿಗೆ ಹೊಂದುವುದಿಲ್ಲ ಎಂದೆ. "ಪರವಾಗಿಲ್ಲ, ನಿನ್ನ ಇಂಗ್ಲಿಷ್ ಶಾಲೇಲಿ ಇಷ್ಟಾದ್ರೂ ಕಲಿಸಿದ್ದಾರೆ," ಎಂದರು. ಅವರು ಹಿಡಿದುಕೊಂಡರು, ನಾನು ಕೊಯ್ದೆ. ಹೆಬ್ಬೆರಳಿನಷ್ಟು ದಪ್ಪದ ಅಕ್ರೋಟಿನ ತುಂಡು ಬಿತ್ತು. ಅದನ್ನು ಮೂಸಿ ನೋಡಿ, ಜಪಮಾಲೆ ಇಡುವ ಜೇಬಿಗೆ ಹಾಕಿಕೊಂಡರು.

ಆಮೇಲೆ, "ಈಗಲಾದ್ರೂ ಹೇಳು, ಯಾವ ಬಣ್ಣ ಆಗಿದೆ?" ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಕಾಫಿ ಬಾಲ ಬಡಿಯೋ ಸದ್ದು ಕೇಳಿಸ್ತಿತ್ತು. ನಾಯಿಗೆ ಕಂಡಿದ್ದು ನಿಮ್ಮ ಮೂವರಿಗೂ ಕಾಣಲ್ವಾ? ನಿಮ್ಮ ಸುಖಕ್ಕೆ ನಾನೂ ಒಂದು ವಾರ ಕುಣಿದೆ." ಮಾತೆಯ ನೀಲಿ, ಅಪ್ಪಾ, ಎಂದೆ. ಕೆಮ್ಮು ಬರುವವರೆಗೂ ನಕ್ಕರು. ನಾನೇ ಕಂದು ಬಳಿಯುತ್ತೇನೆ ಎಂದರೆ ಬೇಡವಂತೆ. "ಸಾರ್ಸೆಲ್ ರೆಕ್ಕೆ ಬಿಚ್ಚಿದ್ರೆ ಅದೇ ನೀಲಿ ಇದೆ. ಅದು ನಮ್ಮ ಜೊಂಡಲ್ಲಿ ಅಡಗಿ ಕೂರಲ್ವಾ? ಹುಡುಗಿಗೆ ಚೆನ್ನಾಗಿರುತ್ತೆ, ಬಿಡು."

ಕೋವಿ ಇನ್ನು ನಿನ್ನದು, ಮಿರೇಲ್. ಅವರು ಬರಿಗೈಯಲ್ಲಿ ದೋಣಿಯ ಹಿಂದೆ ಕೂತು ಬಾತಿನ ಕೂಗನ್ನೇ ಕೂಗಿ ಬಾತು ಕರೆಯುತ್ತಾರಂತೆ. "ರೆಕ್ಕೆ ಸದ್ದು ಕೇಳಿ ಯಾವ ಕಡೆ ಅಂತ ನಾನ್ ಹೇಳ್ತೀನಿ, ಗುರಿ ಇಡೋದು ಅವಳ ತಲೆನೋವು." ಆ ಬೆಳಗು ಏನು ಕಾಣುತ್ತಿದೆ ಎಂದು ಅವರು ನಿನ್ನನ್ನು ಕೇಳುತ್ತಲೇ ಇರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳು ಮಗಳೇ, ಗುರಿ ತಪ್ಪಿದರೂ ತಪ್ಪಿತೆಂದೇ ಹೇಳು. ನೀನು ಹೊರಡುವ ಮೊದಲು ಈ ಪತ್ರ ಕೈಸೇರಬೇಕು. ನಾಳೆ, ಸೋಮವಾರ, ಅಕ್ಟೋಬರ್ ೨೮ರ ಬೆಳಗಿನ ಟಪಾಲಿಗೆ ಹಾಕುತ್ತೇನೆ.